ವೋಕ್ ಸ್ವಾಮಿಯ ತಿದ್ದುಪಡಿ ಪತ್ರ

ಹೋದ ವರ್ಷ ನನ್ನ ಗೆಳೆಯನೊಬ್ಬ ನನ್ನನ್ನು ಬೈದ. ಬೈದದ್ದು ನನಗೆ ಗೊತ್ತಾಗಲಿಲ್ಲ. ಗೊತ್ತಾಗದ್ದರಿಂದ ಥ್ಯಾಂಕ್ಸ್ ಹೇಳಿದೆ. ಅರವತ್ತಮೂರು ವರ್ಷ ಬದುಕಿ, ಅದರಲ್ಲಿ ನಲವತ್ತು ವರ್ಷ ಪದಗಳನ್ನೇ ನೆಚ್ಚಿಕೊಂಡು ಹೊಟ್ಟೆ ಹೊರೆದವನಿಗೆ ಇದು ಹೇಳಿಕೊಳ್ಳುವಂಥ ಸಂಗತಿಯಲ್ಲ. ಆದರೂ ಹೇಳುತ್ತೇನೆ. ಆ ಬೈಗುಳಕ್ಕೆ ನಾನು ಅರ್ಹನೇ ಅಲ್ಲ ಎಂದು ತಿಳಿಯಲು ಇನ್ನೂ ಒಂದು ವಾರ ಹಿಡಿಯಿತು.

ನಾನು ಕನಕಪುರದಲ್ಲಿ ಪತ್ರ ಬರಹಗಾರ. ಜನ ಜಮೀನು ಮಾರಿದರೆ ಕ್ರಯಪತ್ರ, ಮಗಳಿಗೆ ಕೊಟ್ಟರೆ ದಾನಪತ್ರ, ಅಣ್ಣತಮ್ಮಂದಿರು ಮುಖ ತಿರುಗಿಸಿಕೊಂಡರೆ ವಿಭಾಗಪತ್ರ. ಪೂರ್ವಕ್ಕೆ ಓಣಿ ಎಂದು ಬರೆಯಬೇಕಾದಲ್ಲಿ ಹಳ್ಳ ಎಂದು ಬರೆದರೆ ಎರಡು ತಲೆಮಾರು ಕೋರ್ಟಿಗೆ ಅಲೆಯುತ್ತದೆ. ಆದ್ದರಿಂದ ಪದ ಎಂದರೆ ನನಗೆ ಭಯ ಭಕ್ತಿ ಎರಡೂ ಉಂಟು. ಹಾಗೆಂದು ನಾನು ಬರೆದದ್ದೆಲ್ಲ ಸತ್ಯವೆಂದು ತಿಳಿಯಬೇಡಿ. 'ನನ್ನ ಖುದ್ದು ರಾಜಿಯಿಂದ, ಯಾರ ಬಲವಂತವೂ ಇಲ್ಲದೆ' ಎಂಬ ಮಾತನ್ನು, ಪಕ್ಕದಲ್ಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತ ತಂಗಿಯರ ಪರವಾಗಿಯೂ ಬರೆದುಕೊಟ್ಟಿದ್ದೇನೆ.

ಬೈದವನು ನಾಗರಾಜು. ಸಾತನೂರಿನ ಹತ್ತಿರ ನಮ್ಮೂರ ಶಾಲೆಯಲ್ಲಿ ನನ್ನ ಜೊತೆ ಓದಿದವನು. ಮದುವೆಯಾದ ಮೇಲೆ ಅಕ್ಕೂರಿಗೆ ಹೋಗಿ ಮಾವನ ಜಮೀನಿನಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುತ್ತಾನೆ. ಆ ಶಾಲೆಯ ಹದಿನೇಳು ಮಂದಿ ಈಚೆಗೆ ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದೇವೆ. ಹೆಸರು 'ಹಳೇ ಬೆಂಚು'. ನಿಜ ಹೇಳಬೇಕೆಂದರೆ ನಮ್ಮ ಶಾಲೆಯಲ್ಲಿ ಬೆಂಚೇ ಇರಲಿಲ್ಲ, ಸಗಣಿ ಸಾರಿಸಿದ ನೆಲದ ಮೇಲೆ ಕೂತು ಓದಿದವರು ನಾವು. ವಯಸ್ಸಾದ ಮೇಲೆ ನೆನಪು ತನಗೆ ಬೇಕಾದ ಪೀಠೋಪಕರಣವನ್ನು ತಾನೇ ಮಾಡಿಸಿಕೊಳ್ಳುತ್ತದೆ. ಆ ಹೆಸರನ್ನು ಯಾರೂ ಆಕ್ಷೇಪಿಸಲಿಲ್ಲ.

ಒಂದು ಬೆಳಿಗ್ಗೆ ನಾಗರಾಜು ಗುಂಪಿನಲ್ಲಿ ಬರೆದ: "ನಮ್ ಕಾಲ್ದಲ್ಲಿ ಜಾತಿ ಗೀತಿ ಎಲ್ಲಿತ್ತು? ಎಲ್ಲಾ ಒಟ್ಗೇ ಆಡ್ಕಂಡಿರ್ಲಿಲ್ವಾ? ಈಗ್ಲೇ ಜಾಸ್ತಿ ಆಗಿರೋದು." ಇದಕ್ಕೆ ಒಂಬತ್ತು ಹೆಬ್ಬೆರಳು ಬಿದ್ದವು. ನಾನು ಕಾಫಿ ಕುಡಿಯುತ್ತ, ಯಾರಿಗೂ ನೋವಾಗದ ಹಾಗೆ ಬರೆದೆ: "ಒಟ್ಟಿಗೆ ಆಡಿದ್ದು ನಿಜ. ಒಟ್ಟಿಗೆ ಉಂಡದ್ದು ನೆನಪಿಲ್ಲ."

ನನ್ನ ಹೆಸರು ಪುಟ್ಟಸ್ವಾಮಿ. ನಾಗರಾಜು ಉತ್ತರಿಸಿದ: "ಬಂದ್ಬುಟ್ಟ ನೋಡ್ರಪ್ಪಾ, ವೋಕ್ ಸ್ವಾಮಿ!"

ವೋಕ್ ಎಂದರೆ ವಾಕ್ ಇರಬೇಕು, ಇವನ ಕಾಗುಣಿತ ಎಂದೂ ಹೀಗೇ ಎಂದುಕೊಂಡೆ. ಸಕ್ಕರೆ ಕಾಯಿಲೆಯವನಾದ ನಾನು ದಿನಾ ಬೆಳಿಗ್ಗೆ ನಡೆಯುವುದು ಅವನಿಗೂ ಗೊತ್ತು. "ಐದೂವರೆಗೇ ಮುಗಿಸಿದೆ, ಥ್ಯಾಂಕ್ಸ್" ಎಂದು ಬರೆದೆ. ನಗುವ ಮುಖಗಳು ಸಾಲುಗಟ್ಟಿ ಬಂದವು. ಇದರಲ್ಲಿ ನಗುವಂಥದ್ದೇನಿದೆ ಎಂದು ಹೆಂಡತಿ ಜಯಮ್ಮನನ್ನು ಕೇಳಿದೆ. "ಮಗಳ್ನ ಕೇಳಿ, ಓದಿರೋಳು ಅವ್ಳು" ಎಂದಳು.

ಮಗಳು ಚೈತ್ರಾ ರಾಮನಗರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಾಳೆ. ಫೋನಿನಲ್ಲೇ ವಿವರಿಸಿದಳು. "ಅದು ಅಮೆರಿಕದ ಕಪ್ಪು ಜನರ ಮಾತು ಅಪ್ಪ. ಎಚ್ಚೆತ್ತವನು ಅಂತ. ಸುತ್ತ ನಡೆಯೋ ಅನ್ಯಾಯ ಕಾಣೋ ಅಷ್ಟು ಎಚ್ಚರ ಇರೋನು."

"ಒಳ್ಳೇ ಮಾತೇ ಅಲ್ವೇನಮ್ಮ?"

"ಒಳ್ಳೇ ಮಾತೇ ಆಗಿತ್ತು. ಈಗ ಜಾಸ್ತಿ ಜನ ಬೈಯೋಕೆ ಬಳಸ್ತಾರೆ. ಒಳ್ಳೆಯವನ ಹಾಗೆ ಆಡೋನು, ತೋರಿಕೆಗೆ ನ್ಯಾಯ ಮಾತಾಡೋನು ಅಂತ."

"ಒಂದೇ ಪದ ಎರಡೂ ಹೆಂಗಾಗುತ್ತೆ?"

"ನೀವು 'ದೊಡ್ಡ ಮನುಷ್ಯ' ಅನ್ನಲ್ವಾ?"

ಅನ್ನುತ್ತೇವೆ. ಕನ್ನಡದಲ್ಲಿ ಒಬ್ಬನನ್ನು ಮೆಚ್ಚಬೇಕಾದರೂ 'ದೊಡ್ಡ ಮನುಷ್ಯ', ಮೂರು ಕಾಸಿಗೂ ಬೆಲೆಯಿಲ್ಲ ಎನ್ನಬೇಕಾದರೂ 'ದೊಡ್ಡ ಮನುಷ್ಯ'. ವ್ಯತ್ಯಾಸವೆಲ್ಲ ಮೂಗು ಎಷ್ಟು ಮೇಲೇರಿತು ಎಂಬುದರಲ್ಲಿ. ಮೊಬೈಲಿನಲ್ಲಿ ಮೂಗು ಕಾಣುವುದಿಲ್ಲ.

ಆ ದಿನವೆಲ್ಲ ಆ ಪದವನ್ನು ಬಾಯಲ್ಲಿ ಇಟ್ಟುಕೊಂಡು ಚಪ್ಪರಿಸಿದೆ. ನಮ್ಮ 'ಎಚ್ಚರ'ವೂ ವಿಚಿತ್ರವೇ. ನಿದ್ದೆಯಿಂದ ಎದ್ದರೂ ಎಚ್ಚರ, ಮುಂದೆ ಗುಂಡಿಯಿದೆ ಎಂದು ಕೂಗುವುದೂ ಎಚ್ಚರ. ಚೈತ್ರಾ ಹೇಳಿದ ಪ್ರಕಾರ ಆ ಜನರ ನಡುವೆಯೂ ಅದು ಮೊದಲು ಹಾಗೇ ಇತ್ತಂತೆ: ಹುಷಾರಾಗಿರಪ್ಪ, ಈ ಊರಿನಲ್ಲಿ ನಿನ್ನ ಜೀವಕ್ಕೆ ಅಪಾಯವಿದೆ ಎಂದು ತಮ್ಮವರಿಗೆ ಹೇಳಿಕೊಳ್ಳುವ ಮಾತು. ಅಂದರೆ ಅಪಾಯದಲ್ಲಿರುವವರ ಪದ. ಅದು ಸಮುದ್ರ ದಾಟಿ, ಯಾವ ಅಪಾಯವೂ ಇಲ್ಲದೆ ಕಾಫಿ ಕುಡಿಯುತ್ತ ಕೂತ ನನ್ನ ತಲೆಗೆ ಕಿರೀಟವಾಗಿ ಬಂತು. ನಾನು ತೆಗೆದಿಡಲಿಲ್ಲ. ಖುಷಿಯಾಯಿತು.

ಖುಷಿ ಎರಡು ದಿನ ಇದ್ದು ಮೂರನೆಯ ದಿನ ಕಿತಾಪತಿ ಮಾಡಿಸಿತು. ನಾಗರಾಜು ಮತ್ತೆ ಕೆಣಕಿದ್ದ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ಬಿಟ್ಟು ಅಲುಗಾಡದೆ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. "ಹುಳ ಜ್ವರದಿಂದ ಏಳೋದು ನೋಡಿದ್ದೆ, ಪತ್ರ ಬರಿಯೋನು ಏಳೋದು ಇದೇ ಮೊದ್ಲು ನೋಡ್ತಿರೋದು" ಎಂದು ಬರೆದ. ನಾನು ಎದ್ದದ್ದು ಇವತ್ತಲ್ಲ, ಹತ್ತನೇ ವಯಸ್ಸಿನಲ್ಲೇ ಎಂದು ತೋರಿಸಬೇಕೆನಿಸಿತು. ಕಚೇರಿಯ ಕೆಲಸ ಬದಿಗಿಟ್ಟು ಉದ್ದಕ್ಕೆ ಬರೆದೆ.

ಬರೆದದ್ದು ಚಿಕ್ಕಸಿದ್ದಯ್ಯನ ಬಗ್ಗೆ. ಅವನೂ ನಮ್ಮ ಗುಂಪಿನವನು. ಎಲ್ಲವನ್ನೂ ಓದುತ್ತಾನೆ, ಏನನ್ನೂ ಬರೆಯುವುದಿಲ್ಲ. ನಮ್ಮೂರ ಕಾಲೋನಿಯವನು. ನೋಡಿ, ಬೆಂಗಳೂರಿನಲ್ಲಿ ಕಾಲೋನಿ ಎಂದರೆ ಗೇಟು, ಕಾವಲುಗಾರ ಇರುವ ಜಾಗ. ನಮ್ಮ ಹಳ್ಳಿಗಳಲ್ಲಿ ಕಾಲೋನಿ ಎಂದರೆ ದಲಿತರ ಕೇರಿ. ಪದಗಳು ಮಾಡುವ ಮೋಸ ಒಂದೆರಡಲ್ಲ. ಸಿದ್ದಯ್ಯ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾಗಿ ಸಾತನೂರಿನಲ್ಲಿ ಮನೆ ಕಟ್ಟಿಕೊಂಡು ಹಸು ಸಾಕಿಕೊಂಡಿದ್ದಾನೆ. ಅವನ ಬಸ್ಸು ಹತ್ತಿದಾಗಲೆಲ್ಲ ನಾನು "ಏನ್ಲಾ ಸಿದ್ದ" ಎನ್ನುತ್ತಿದ್ದೆ, ಅವನು "ಬನ್ನಿ ಗೌಡ್ರೆ, ಮುಂದೆ ಸೀಟೈತೆ" ಎನ್ನುತ್ತಿದ್ದ. ಇದನ್ನು ನಾನು ಸಲಿಗೆ ಎಂದುಕೊಂಡಿದ್ದೆ.

ನಾನು ಬರೆದದ್ದರ ಸಾರಾಂಶ ಇಷ್ಟು. ಶಾಲೆಯ ಜಗಲಿಯ ಮೇಲೆ ಕುಡಿಯುವ ನೀರಿನ ಮಡಕೆ ಇತ್ತು. ಅದನ್ನು ಚಿಕ್ಕಸಿದ್ದಯ್ಯ ಮುಟ್ಟುವಂತಿರಲಿಲ್ಲ. ದಿನಾ ಮಧ್ಯಾಹ್ನ ಅವನು ಬೊಗಸೆ ಒಡ್ಡಿ ಕೆಳಗೆ ನಿಂತಿರುತ್ತಿದ್ದ. ಬೇರೆ ಹುಡುಗರು ಆಟಕ್ಕೆ ಓಡುತ್ತಿದ್ದರು. ನಾನು ಮಾತ್ರ ನಿಂತು, ಚೊಂಬಿನಿಂದ ಅವನ ಬೊಗಸೆಗೆ ನೀರು ಹೊಯ್ಯುತ್ತಿದ್ದೆ. ಅವನ ದಾಹ ತೀರಿದ ಮೇಲೆಯೇ ನನ್ನ ಆಟ. ಕೊನೆಗೆ, 'ಆ ವಯಸ್ಸಿಗೇ ನನ್ನಲ್ಲಿ ಎಚ್ಚರ ಮೂಡಿತ್ತು ಎಂದು ಈಗ ಅನ್ನಿಸುತ್ತಿದೆ' ಎಂದು ಮುಗಿಸಿದೆ.

ಚಪ್ಪಾಳೆ, ಮುಗಿದ ಕೈಗಳು, ಹೂಗುಚ್ಛ ಎಲ್ಲ ಬಂದವು. "ಕಣ್ಣಲ್ಲಿ ನೀರು ಬಂತು ಸ್ವಾಮಿ" ಎಂದು ಒಬ್ಬಾಕೆ ಬರೆದಳು. ನಾಗರಾಜು ಮಾತ್ರ ಬಾಯಿ ಬಿಡಲಿಲ್ಲ; ಸೋತ ಎಂದುಕೊಂಡೆ. ಸಂಜೆ ಮೊಬೈಲು ತೆಗೆದರೆ ಗುಂಪಿನಲ್ಲಿ ಬೂದು ಬಣ್ಣದ ಒಂದು ಸಣ್ಣ ಸಾಲು: ಚಿಕ್ಕಸಿದ್ದಯ್ಯ ಗುಂಪು ತೊರೆದಿದ್ದಾರೆ.

ಫೋನು ಮಾಡಿದೆ, ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಮೂರನೆಯ ದಿನ ಜಯಮ್ಮ, "ಫೋನ್ನಲ್ಲಿ ಆಗೋ ಮಾತಲ್ಲ ಅದು. ಹೋಗ್ಬುಟ್ ಬನ್ನಿ" ಎಂದಳು. "ನಾನು ಬರೆದದ್ದರಲ್ಲಿ ತಪ್ಪೇನಿತ್ತು?" ಎಂದೆ. "ನಂಗೇನ್ ಗೊತ್ತು? ನೀರು ಹೊಯ್ದೋರು ನೀವು. ಕುಡಿದೋರ್ನ ಕೇಳಿ" ಎಂದಳು. ಅವಳು ಓದಿದ್ದು ಏಳನೇ ಕ್ಲಾಸು.

ಸಾತನೂರಿಗೆ ಹೋದಾಗ ಸಿದ್ದಯ್ಯ ಕೊಟ್ಟಿಗೆಯ ಮುಂದೆ ಹಸುವಿನ ಮೈ ತೊಳೆಯುತ್ತಿದ್ದ. ನನ್ನನ್ನು ನೋಡಿ ಪೈಪು ನಿಲ್ಲಿಸಿದ. ಗೌಡ್ರೆ ಎನ್ನಲಿಲ್ಲ. "ಬಾ, ಕೂತ್ಕೋ" ಎಂದು ಜಗಲಿ ತೋರಿಸಿದ. ಐವತ್ತು ವರ್ಷದಲ್ಲಿ ಅವನ ಬಾಯಿಂದ ನನ್ನ ಬಗ್ಗೆ ಏಕವಚನ ಕೇಳಿದ್ದು ಅದೇ ಮೊದಲು. ಸರಿಯಾಗಿ ಅದೇ ಗಳಿಗೆಯಲ್ಲಿ, ನಾನು ಅವನಿಗೆ ಬಹುವಚನ ಬಳಸಿದ್ದು ಒಂದು ಸಲವೂ ಇಲ್ಲ ಎಂಬುದೂ ಹೊಳೆಯಿತು. ವ್ಯಾಕರಣದ ಪಾಠ ಎಲ್ಲೆಲ್ಲೋ ಆಗುತ್ತದೆ.

"ಬೇಜಾರಾಯ್ತಾ?" ಎಂದೆ.

"ನೀನು ಬರ್ದಿದ್ದು ಸುಳ್ಳಲ್ಲ" ಎಂದ, ಕೈ ಒರೆಸಿಕೊಳ್ಳುತ್ತ. "ಒಸಿ ಬುಟ್ಟಿದ್ದೀಯ ಅಷ್ಟೆ. ಎಷ್ಟು ಮ್ಯಾಲಿಂದ ಹೊಯ್ತಿದ್ದೆ ಅಂತ ಬರೀಲಿಲ್ಲ."

"ಅಂದ್ರೆ?"

ಅವನು ಎದ್ದು ನಿಂತು, ತೋಳು ಭುಜದವರೆಗೂ ಎತ್ತಿ ತೋರಿಸಿದ. "ಇಷ್ಟ್ ಎತ್ತರದಿಂದ. ಚೊಂಬು ನನ್ ಕೈಗೆ ತಾಕ್ಬಾರ್ದಲ್ಲ. ಅರ್ಧ ನೀರು ಬಾಯಿಗೆ, ಅರ್ಧ ಅಂಗಿಗೆ. ನೆಂದ ಅಂಗೀಲೇ ಕ್ಲಾಸಿಗೆ ಬಂದು ಕೂರ್ತಿದ್ದೆ. ಉಚ್ಚೆ ಹೊಯ್ಕಂಡವ್ನೆ ಅಂತ ನಗೋರು. ನೀನೂ ನಗ್ತಿದ್ದೆ."

ನನಗೆ ನೆನಪಿರಲಿಲ್ಲ. ಹಾಗೆಂದೆ.

"ಮಡ್ಕೆ ಒಡ್ದಿದ್ದು?"

ಅದೂ ನೆನಪಿರಲಿಲ್ಲ. ಸಿದ್ದಯ್ಯ ನಿಧಾನವಾಗಿ, ಬಸ್ಸಿನ ನಿಲ್ದಾಣಗಳನ್ನು ಹೇಳುವವನ ಹಾಗೆ ಹೇಳಿದ. ಒಂದು ದಿನ ನಾನು ಶಾಲೆಗೆ ಬಂದಿರಲಿಲ್ಲ. ನೀರು ಹೊಯ್ಯುವವರಿರಲಿಲ್ಲ. ಬಿಸಿಲು. ಅವನು ಜಗಲಿ ಹತ್ತಿ, ತಾನೇ ಚೊಂಬು ಅದ್ದಿ ಕುಡಿದ. ಯಾರೋ ನೋಡಿ ಮೇಷ್ಟರಿಗೆ ಹೇಳಿದರು. ಮೇಷ್ಟರು ಅವನನ್ನು ಹೊಡೆಯಲಿಲ್ಲ. ಮಡಕೆಯನ್ನು ಒಡೆಸಿದರು.

"ಐದು ದಿನ ನಾನು ಸ್ಕೂಲಿಗೆ ಹೋಗ್ಲಿಲ್ಲ. ಆಮೇಲೆ ಹೋದ್ರೆ ಹೊಸ ಮಡ್ಕೆ ಇತ್ತು. ನಿಮ್ ಮನೇದು. ನೀನೇ ತಲೆ ಮ್ಯಾಲೆ ಹೊತ್ಕಂಡ್ ಬಂದ್ಯಂತೆ."

ಇದು ನನಗೆ ನೆನಪಿತ್ತು! ಚೆನ್ನಾಗಿ ನೆನಪಿತ್ತು. ಅವ್ವ ಸಿಂಬೆ ಸುತ್ತಿ ತಲೆಯ ಮೇಲೆ ಹೊಸ ಮಡಕೆ ಇಟ್ಟದ್ದು, ಎಡವದೆ ಶಾಲೆ ಮುಟ್ಟಿಸಿದ್ದು, ಮೇಷ್ಟರು ಎಲ್ಲರ ಎದುರು ಬೆನ್ನು ತಟ್ಟಿ ಕ್ಲಾಸಿನ ಲೀಡರ್ ಮಾಡಿದ್ದು. ನನ್ನ ಬಾಲ್ಯದ ದೊಡ್ಡ ದಿನಗಳಲ್ಲಿ ಅದೂ ಒಂದು. ಮಕ್ಕಳಿಗೂ ಹೇಳಿದ್ದೇನೆ. ಶಾಲೆಗೆ ಆ ದಿನ ಹೊಸ ಮಡಕೆ ಯಾಕೆ ಬೇಕಾಯಿತು ಎಂದು ಮಾತ್ರ ನಾನು ಯಾರನ್ನೂ ಕೇಳಿರಲಿಲ್ಲ. ನನ್ನನ್ನೂ ಕೇಳಿಕೊಂಡಿರಲಿಲ್ಲ.

ಇಬ್ಬರೂ ಹಸುವಿನ ಕಡೆ ತಿರುಗಿದೆವು. ಹಸುವಿಗೆ ಸಂಕೋಚವಿರಲಿಲ್ಲ, ಮೆಲುಕು ಹಾಕುತ್ತಿತ್ತು.

"ಹತ್ತು ವರ್ಷದ ಹುಡ್ಗ ನೀನು. ನಿನ್ ತಪ್ಪು ಅಂತ ನಾನು ಯಾವತ್ತೂ ಅಂದ್ಕಂಡಿಲ್ಲ" ಎಂದ ಸಿದ್ದಯ್ಯ. "ಆದ್ರೆ ಅದನ್ನ ಬರ್ದಾಗ ನಿಂಗೆ ಅರವತ್ಮೂರು. ಅದು ಬ್ಯಾಸ್ರ ಆಯ್ತು. ಇನ್ನೊಂದು, ಇದನ್ನ ನಾನು ಮನೇಲಿ ಯಾರ್ಗೂ ಹೇಳಿರ್ಲಿಲ್ಲ. ಮಕ್ಳಿಗೆ ಹೇಳಿರ್ಲಿಲ್ಲ. ಸೊಸೆ ನನ್ ಮೊಬೈಲ್ನಲ್ಲಿ ಓದ್ಬುಟ್ಟು, 'ಮಾವ, ಇದು ನೀವೇನಾ?' ಅಂದ್ಲು. ಹೇಳೋದೋ ಬುಡೋದೋ ನನಗೆ ಸೇರಿದ್ದು. ನೀನ್ ಹೇಳ್ಬುಟ್ಟೆ. ಅದ್ರಲ್ಲಿ ನೀನು ದೊಡ್ಡೋನಾದೆ, ನಾನು ಬೊಗಸೆ ಒಡ್ಕಂಡೇ ನಿಂತಿದ್ದೀನಿ."

"ಅಳಿಸಿಬಿಡ್ತೀನಿ" ಎಂದೆ. ಮೊಬೈಲು ತೆಗೆದೆ.

"ಅಳಿಸಿದ್ರೆ ಓದಿರೋರ ತಲೆಯಿಂದ ಹೋಯ್ತದಾ? ಪತ್ರದಲ್ಲಿ ತಪ್ಪು ಬಿದ್ರೆ ನೀವು ಬರಿಯೋರೆಲ್ಲ ಏನ್ ಮಾಡ್ತೀರಿ, ಆಪೀಸಲ್ಲಿ?"

"ತಿದ್ದುಪಡಿ ಪತ್ರ ಬರೀತೀವಿ. ಹಳೇದನ್ನ ಹರಿಯೋ ಹಂಗಿಲ್ಲ. ಅದಕ್ಕೆ ಇದನ್ನ ಸೇರಿಸಿ ಓದ್ಕೋಬೇಕು."

"ಹಂಗಾದ್ರೆ ಅದನ್ನೇ ಬರಿ."

ಅಲ್ಲೇ ಜಗಲಿಯ ಮೇಲೆ ಕೂತು ಬರೆದೆ, ಓದಿ ಹೇಳಿದೆ. ನನ್ನ ಕರಡು ಹೀಗೆ ಶುರುವಾಗಿತ್ತು: 'ಪಶ್ಚಾತ್ತಾಪದ ಬೇಗೆಯಲ್ಲಿ ಬೆಂದ ಹೃದಯದಿಂದ'. ಸಿದ್ದಯ್ಯ ಕೈ ಎತ್ತಿದ. "ಬೇಗೆ ಗೀಗೆ ತೆಗಿ. ನಿನ್ ಹೃದಯದ ಮಾತು ಯಾರ್ ಕೇಳುದ್ರು? ನಡ್ದಿದ್ ಬರಿ." ಆಮೇಲೆ 'ದಯವಿಟ್ಟು ಕ್ಷಮಿಸು' ಹೋಯಿತು. 'ಅಂದಿನ ಕಾಲವೇ ಹಾಗಿತ್ತು' ಹೋಯಿತು. ಅದು ಹೋದಾಗ ನನಗೆ ನಿಜಕ್ಕೂ ಕಷ್ಟವಾಯಿತು, ಬಹಳ ಅನುಕೂಲದ ವಾಕ್ಯ ಅದು. ಕೊನೆಗೆ ಉಳಿದದ್ದು ಇಷ್ಟು:

'ಹಿಂದೆ ನಾನು ಬರೆದದ್ದರಲ್ಲಿ ಬಿಟ್ಟುಹೋದದ್ದು. ನಾನು ನೀರನ್ನು ಎತ್ತರದಿಂದ ಹೊಯ್ಯುತ್ತಿದ್ದೆ. ಅಂಗಿ ನೆನೆದಾಗ ನಗುವವರಲ್ಲಿ ನಾನೂ ಇದ್ದೆ. ಒಂದು ದಿನ ಚಿಕ್ಕಸಿದ್ದಯ್ಯ ತಾನೇ ನೀರು ತೆಗೆದುಕೊಂಡು ಕುಡಿದ. ಅದಕ್ಕೆ ಮಡಕೆ ಒಡೆಸಿದರು. ಹೊಸ ಮಡಕೆ ಹೊತ್ತು ತಂದವನು ನಾನು. ನಾನು ಎಚ್ಚರವಾಗಿರಲಿಲ್ಲ.'

ಕಳಿಸಿದೆ. ಈ ಸಲ ಚಪ್ಪಾಳೆ ಬರಲಿಲ್ಲ. ಕಣ್ಣೀರು ಹಾಕಿದ್ದಾಕೆಯೂ ಸುಮ್ಮನಿದ್ದಳು. ಯಾರೋ ಒಬ್ಬ ಸ್ವಲ್ಪ ಹೊತ್ತು ಬಿಟ್ಟು ಶುಭೋದಯದ ಸೂರ್ಯಕಾಂತಿ ಕಳಿಸಿದ, ಆಗ ಸಾಯಂಕಾಲ ನಾಲ್ಕೂವರೆ.

ಮರುದಿನ ನಾಗರಾಜು ಫೋನು ಮಾಡಿದ. ಮತ್ತೆ ವೋಕ್ ಸ್ವಾಮಿ ಎನ್ನುತ್ತಾನೆಂದು ಸಿದ್ಧನಾಗಿದ್ದೆ. ಅವನು ಹುಳುವಿನ ಮಾತಾಡಿದ, ಗೂಡಿನ ಮಾತಾಡಿದ. ಆಮೇಲೆ, "ಮಡ್ಕೆ ಒಡ್ದೋರು ಯಾರು ಅಂತ ಬರ್ದಿಲ್ವಲ್ಲ ನೀನು" ಎಂದ.

"ನಂಗೆ ಗೊತ್ತಿಲ್ಲ. ನಾನು ಅವತ್ತು ಬಂದಿರ್ಲಿಲ್ಲ."

"ನಾನು ಕಣ್ಲಾ. ಮೇಷ್ಟ್ರು ಕೈಗೆ ಕಲ್ಲು ಕೊಟ್ಟು ಒಡಿ ಅಂದ್ರು. ಸಿದ್ದ ನೋಡ್ತಾ ನಿಂತಿದ್ದ. ಒಂದೇ ಏಟಿಗೆ ಒಡೀಲಿಲ್ಲ, ಮೂರ್ ಸಲ ಹಾಕ್ದೆ."

"ಅಲ್ಲ ಕಣೋ, ನಮ್ ಕಾಲ್ದಲ್ಲಿ ಜಾತಿ ಇರ್ಲಿಲ್ಲ ಅಂತಿದ್ದೋನು ನೀನೇ..."

"ಅಂತಿದ್ದೆ. ಅಂತಿದ್ರೆ ಒಸಿ ನಿದ್ದೆ ಬತ್ತದೆ" ಎಂದ.

ನಿದ್ದೆ ಮಾಡುವವನನ್ನು ಎಬ್ಬಿಸಬಹುದು, ನಿದ್ದೆಯ ನಟನೆ ಮಾಡುವವನನ್ನು ಎಬ್ಬಿಸಲಾಗದು ಎಂದು ಹಿರಿಯರು ಹೇಳುತ್ತಾರೆ. ಅದನ್ನು ನಾನು ನಾಗರಾಜುವಿಗೆ ಅನ್ವಯಿಸಿ ಮನಸ್ಸಿನಲ್ಲೇ ಎಷ್ಟೋ ಸಲ ಗೆದ್ದಿದ್ದೆ. ಈಗ ನೋಡಿದರೆ ಕಣ್ಣು ಮುಚ್ಚಿಕೊಂಡು ಐವತ್ತು ವರ್ಷ ಎಚ್ಚರವಾಗಿದ್ದವನು ಅವನು. ನಾನು ಮಾತ್ರ ನಿಜವಾಗಿಯೇ ಮಲಗಿದ್ದೆ. ಮಲಗಿದವರು ನಿದ್ದೆಯಲ್ಲಿ ಮಾತಾಡುವುದುಂಟು, ನಾನು ಭಾಷಣ ಮಾಡಿದ್ದೆ. ವೋಕ್ ಎಂಬುದು ಹೊಗಳಿಕೆಯೋ ಬೈಗುಳವೋ ಎಂದು ದೊಡ್ಡ ದೊಡ್ಡವರು ಜಗಳವಾಡುತ್ತಾರಂತೆ. ಆಡಲಿ. ನನ್ನ ಮಟ್ಟಿಗೆ ಎರಡೂ ಸಲ್ಲುತ್ತಿರಲಿಲ್ಲ.

"ಹೋಗಿ ಅವನಿಗೆ ಹೇಳು" ಎಂದೆ. "ಹೆಂಗ್ಲಾ ಹೇಳದು?" ಎಂದ. "ಬಸ್ಸು ಹತ್ತು, ಮಾತು ಬರುತ್ತೆ" ಎಂದೆ. ಒಂದು ಸಲ ಹೋಗಿಬಂದ ಮಾತ್ರಕ್ಕೆ ನನಗೆ ಉಪದೇಶದ ದನಿ ಬಂದಿತ್ತು.

ಒಂದೂವರೆ ತಿಂಗಳಾದ ಮೇಲೆ ಕನಕಪುರದ ಬಸ್ ನಿಲ್ದಾಣದಲ್ಲಿ ಸಿದ್ದಯ್ಯ ಸಿಕ್ಕ. ಜೊತೆಯಲ್ಲಿ ಸೊಸೆ ಸವಿತಾ ಇದ್ದಳು. ನಾನು "ಬನ್ನಿ ಸಿದ್ದಯ್ಯನೋರೆ, ಹೇಗಿದ್ದೀರಿ?" ಎಂದೆ, ನಾಲಿಗೆ ಸ್ವಲ್ಪ ತೊಡರಿತು. ಅವನು ಜೋರಾಗಿ ನಕ್ಕ. "ಅದೆಲ್ಲ ಬ್ಯಾಡ ಮಾರಾಯ, ನೀನು ಅಂದ್ರೆ ಸಾಕು. ನಾನೂ ನೀನು ಅಂತೀನಿ. ಒಂದ್ ಲೆವೆಲ್ಗೆ ಇರ್ಲಿ." ಆಮೇಲೆ ಹೇಳಿದ, "ನಾಗ್ರಾಜ ಬಂದಿದ್ದ. ಹಸು ನೋಡ್ದ, ಕಾಫಿ ಕುಡ್ದ, ಅರ್ಧ ಗಂಟೆ ಕೂತಿದ್ದ. ಏನಪ್ಪ ಬಂದಿದ್ದು ಅಂದ್ರೆ, ಸುಮ್ನೆ ಅಂದ. ಹೊರಡ್ವಾಗ ಗೇಟ್ ಹತ್ರ ನಿಂತ್ಕಂಡು, ನಾನೇ ಕಣೋ ಅಂದ. ಗೊತ್ತು ಹೋಗ್ಲಾ ಅಂದೆ."

ಸವಿತಾ ನನ್ನತ್ತ ತಿರುಗಿ, "ಸಾರ್, ಮಾವ ಸ್ಕೂಲಲ್ಲಿ ಹೆಂಗಿದ್ರು? ಚೆನ್ನಾಗಿ ಓದ್ತಿದ್ರಾ?" ಎಂದಳು.

ನಾನು ಬಾಯಿ ತೆರೆದೆ. ಏಳು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದೆವು. ಅವನ ಬೊಗಸೆ ಬಿಟ್ಟರೆ ಅವನದೇನೂ ನನಗೆ ನೆನಪಿಗೆ ಬರಲಿಲ್ಲ. ಓದುತ್ತಿದ್ದನೇ, ಹಾಡುತ್ತಿದ್ದನೇ, ಯಾವ ಆಟ ಆಡುತ್ತಿದ್ದ, ಯಾರ ಜೊತೆ ಟೂ ಬಿಡುತ್ತಿದ್ದ? ಏನೂ ಇಲ್ಲ. "ಗೊತ್ತಿಲ್ಲ ಕಣಮ್ಮ" ಎಂದೆ. ಸುಳ್ಳು ಹೇಳಬಹುದಿತ್ತು, ಅಷ್ಟರಲ್ಲಿ ಸಾತನೂರಿನ ಬಸ್ಸು ಬಂದು ನನ್ನನ್ನು ಕಾಪಾಡಿತು.

ಈ ಪ್ರಬಂಧವನ್ನು ನಿಮ್ಮ ಮುಂದಿಡುವ ಮೊದಲು ಸಾತನೂರಿಗೆ ಹೋಗಿ ಸಿದ್ದಯ್ಯನಿಗೆ ಪೂರ್ತಿ ಓದಿ ಹೇಳಿದೆ. ಇನ್ನು ಅವನ ಕತೆಯನ್ನು ಅವನ ಒಪ್ಪಿಗೆಯಿಲ್ಲದೆ ಬರೆಯುವಷ್ಟು ಧೈರ್ಯ ನನಗಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದ. ಹಸುವಿನ ವಿಷಯ ಇನ್ನೂ ಸ್ವಲ್ಪ ಬರೆಯಬಹುದಿತ್ತು ಎಂದ. ಆಮೇಲೆ ಒಂದು ಕಣ್ಣು ತೆರೆದು, "ನಾನು ಲೆಕ್ಕದಲ್ಲಿ ಕ್ಲಾಸಿಗೇ ಫಸ್ಟ್ ಬತ್ತಿದ್ದೆ. ಅ‌ದನ್ನ ಸೇರ್ಸು" ಎಂದ.

"ಅದಕ್ಕೆ ಸಾಕ್ಷಿ ಯಾರಿದ್ದಾರೆ?" ಎಂದೆ. ಕಸುಬಿನ ಚಟ.

"ನೀನು ನಿನ್ ಬಗ್ಗೆ ಬರ್ಕಂಡಾಗ ಯಾರಿದ್ರು?" ಎಂದ.

ಆದ್ದರಿಂದ ನನ್ನ ಖುದ್ದು ರಾಜಿಯಿಂದ ಬರೆಯುತ್ತಿದ್ದೇನೆ: ಚಿಕ್ಕಸಿದ್ದಯ್ಯ ಲೆಕ್ಕದಲ್ಲಿ ನಮ್ಮ ಕ್ಲಾಸಿಗೇ ಮೊದಲಿಗನಾಗಿದ್ದ. ಎರಡನೆಯವನು ಯಾರು ಎಂದು ಅವನು ಹೇಳಲಿಲ್ಲ. ನಾನಂತೂ ಅಲ್ಲವಂತೆ.